ಹೆಸರು ಫೋಟೊದ ಒಳಗೇ ಇರಬೇಕು: ಡಿಜಿಕ್ಯಾಮ್ ಬಳಸಿದ ಅನುಭವ

ಮನೆಯ ಫೋಟೊಗಳನ್ನು ಜೋಡಿಸಿಡಲು ಡಿಜಿಕ್ಯಾಮ್ ಎಂಬ ಪ್ರೋಗ್ರಾಮ್ ಬಳಸತೊಡಗಿ ವರ್ಷಗಳೇ ಆದವು. ಉಚಿತವಾಗಿ ಸಿಗುತ್ತದೆ, ಲಿನಕ್ಸ್, ವಿಂಡೋಸ್, ಮ್ಯಾಕ್ ಮೂರರಲ್ಲೂ ನಡೆಯುತ್ತದೆ. ಉಳಿದ ಫೀಚರ್‌ಗಳನ್ನು ಇಲ್ಲಿ ಹೇಳುವುದಿಲ್ಲ. ನಾನು ಇದನ್ನು ಬಿಡದಿರಲು ಕಾರಣ ಒಂದೇ. ಇಲ್ಲಿ ಬರೆದ ಹೆಸರು, ಜಾಗ, ಸಂದರ್ಭ ಎಲ್ಲವನ್ನೂ ಫೋಟೊ ಫೈಲಿನ ಒಳಗೇ ಸೇರಿಸಿಡಬಹುದು.

ಇದಕ್ಕೆ ಮುಂಚೆ ಬಳಸುತ್ತಿದ್ದ ಪ್ರೋಗ್ರಾಮ್ ನಾನು ಕೂತು ಬರೆದ ಹೆಸರುಗಳನ್ನೆಲ್ಲ ತನ್ನ ಡೇಟಾಬೇಸಿನಲ್ಲಿ ಮಾತ್ರ ಇಟ್ಟುಕೊಂಡಿತ್ತು. ಅದು ನಿಂತುಹೋದಾಗ ಫೋಟೊಗಳು ಉಳಿದವು, ಹೆಸರುಗಳು ಹೋದವು. ಯಾರು ಯಾರೆಂದು ಹೇಳುತ್ತಿದ್ದ ಅಜ್ಜಿ ಅಷ್ಟರಲ್ಲಿ ತೀರಿಕೊಂಡಿದ್ದರು. ಆ ಸಿಟ್ಟು ಇನ್ನೂ ಇದೆ.

ಡಿಜಿಕ್ಯಾಮ್‌ಗೂ ತನ್ನದೇ ಡೇಟಾಬೇಸ್ ಇದೆ. ಆದರೆ ಸೆಟ್ಟಿಂಗ್ಸ್‌ನ ಮೆಟಾಡೇಟಾ (ಫೋಟೊದ ಬಗೆಗಿನ ಮಾಹಿತಿ) ಭಾಗದಲ್ಲಿ ಹೇಳಿಟ್ಟರೆ ಟ್ಯಾಗ್ ಎಂಬ ಗುರುತಿನ ಪದ, ವಿವರಣೆ, ಮುಖದ ಸುತ್ತ ಹಾಕಿದ ಚೌಕ ಎಲ್ಲವನ್ನೂ ಫೈಲಿಗೇ ಬರೆಯುತ್ತದೆ. ಮೂಲ ಫೈಲನ್ನು ಮುಟ್ಟಲು ಮನಸ್ಸಿಲ್ಲದಿದ್ದರೆ ಪಕ್ಕದಲ್ಲಿ ಎಕ್ಸ್‌ಎಂಪಿ ಎಂಬ ಪುಟ್ಟ ಫೈಲ್ ಮಾಡಿ ಅದರಲ್ಲಿ ಇಡುತ್ತದೆ. ಫೋಟೊವನ್ನು ಬೇರೆ ಕಡೆಗೆ ಕಾಪಿ ಮಾಡುವಾಗ ಆ ಫೈಲೂ ಜೊತೆಗೆ ಹೋಗಬೇಕು, ಅಷ್ಟೇ.

ರಾತ್ರಿ ಮಲಗುವ ಮುಂಚೆ ಅಮ್ಮ ಪಕ್ಕದಲ್ಲಿ ಬಂದು ಕೂರುತ್ತಾರೆ. ಟ್ಯಾಗ್ ಇಲ್ಲದ ಫೋಟೊಗಳನ್ನಷ್ಟೇ ತೋರಿಸುವ ಫಿಲ್ಟರ್ ಹಾಕುತ್ತೇನೆ. ಅವರು ಕನ್ನಡಕ ಏರಿಸಿ, "ಇವಳು ನನ್ನ ಅತ್ತೆಯ ತಂಗಿ, ಹಿಂದೆ ನಿಂತಿರೋದು ಅವಳ ಗಂಡ" ಅನ್ನುತ್ತಾರೆ. ನಾನು ಎರಡಕ್ಷರ ಒತ್ತುವಷ್ಟರಲ್ಲಿ ಹಳೇ ಟ್ಯಾಗ್ ತಾನೇ ಮುಂದೆ ಬರುತ್ತದೆ. ಸ್ಕ್ಯಾನ್ ಮಾಡಿದ ಹಳೇ ಫೋಟೊಗಳಲ್ಲಿ ತಾರೀಖು ತಪ್ಪಿರುತ್ತದೆ ಅಲ್ವಾ, ಅದನ್ನು ಟೈಮ್ ಅಡ್ಜಸ್ಟ್‌ನಲ್ಲಿ ಸರಿ ಮಾಡುತ್ತೇನೆ. ಫೋಟೊದ ಹಿಂದೆ ಪೆನ್ನಿನಲ್ಲಿ ಬರೆದಿದ್ದನ್ನು ಹಾಗೇ ವಿವರಣೆಯಲ್ಲಿ ಬರೆಯುತ್ತೇನೆ. ಒಂದೇ ಫೋಟೊದಲ್ಲಿ ಅರ್ಧ ಗಂಟೆ ಕಳೆದುಹೋಗುವುದೂ ಉಂಟು. ಅಮ್ಮ ಹೇಳುವ ಕಥೆ ಮುಗಿಯದೆ ಮುಂದಕ್ಕೆ ಹೋಗುವ ಹಾಗಿಲ್ಲ.

ನನಗೆ ಬೇಸರ ತಂದಿದ್ದು ಕನ್ನಡ ಕೀವರ್ಡ್‌ಗಳ, ಅಂದರೆ ಟ್ಯಾಗ್‌ಗಳ ವಿಷಯ. ಇದು ಡಿಜಿಕ್ಯಾಮ್‌ಗಿಂತ ಜಾಸ್ತಿ ಹಳೇ ನಿಯಮದ ತಪ್ಪು. ಫೋಟೊದೊಳಗೆ ಮಾಹಿತಿ ಬರೆಯಲು ಐಪಿಟಿಸಿ ಎಂಬ ಸಂಸ್ಥೆ ಸುದ್ದಿಸಂಸ್ಥೆಗಳಿಗಾಗಿ ಮಾಡಿದ ಹಳೇ ಮಾದರಿಯಲ್ಲಿ ಒಂದು ಕೀವರ್ಡ್‌ಗೆ 64 ಬೈಟ್ ಮಿತಿ. ಇಂಗ್ಲಿಷಿಗೆ ಅದು 64 ಅಕ್ಷರ. ಕನ್ನಡಕ್ಕೆ ಯೂನಿಕೋಡ್‌ನ ಯುಟಿಎಫ್-8 ಎಂಬ, ಅಕ್ಷರ ಉಳಿಸುವ ಕ್ರಮದಲ್ಲಿ ಪ್ರತಿ ಗುರುತಿಗೂ 3 ಬೈಟ್ ಬೇಕು. ಗುಣಿತ, ಒತ್ತು ಎಲ್ಲವೂ ಬೇರೆ ಬೇರೆ ಲೆಕ್ಕ. ಹಾಗಾಗಿ 21 ಗುರುತಿಗೆ ಜಾಗ ಮುಗಿಯುತ್ತದೆ. "ದೊಡ್ಡಮ್ಮನ ಮಗಳ ಮದುವೆಯ ಹಿಂದಿನ ದಿನ" ಎಂದು ಬರೆದರೆ, ಆ ಮಿತಿಯ ಒಳಗೆ ಹಿಡಿಸುವುದು "ದೊಡ್ಡಮ್ಮನ ಮಗಳ ಮದುವೆಯ ಹಿ" ಅಷ್ಟೇ. ಎಕ್ಸ್‌ಎಂಪಿಯಲ್ಲಿ ಈ ಮಿತಿ ಇಲ್ಲ (ಅದನ್ನು ಫೋಟೊದ ಒಳಗೂ ಇಡಬಹುದು), ಅಲ್ಲಿ ಇಡೀ ವಾಕ್ಯ ಉಳಿಯುತ್ತದೆ. ಹಳೇ ಐಪಿಟಿಸಿ ಜಾಗವನ್ನೇ ಓದುವ ಪ್ರೋಗ್ರಾಮ್ ಸಿಕ್ಕರೆ ಮಾತ್ರ ಕಷ್ಟ.

ಅದಕ್ಕೇ ಈಗ ಚಿಕ್ಕ ಚಿಕ್ಕ ಟ್ಯಾಗ್‌ಗಳನ್ನೇ ಹಾಕುತ್ತೇನೆ: ದೊಡ್ಡಮ್ಮ, ಮದುವೆ, ಹಳೇ ಮನೆ. ಉದ್ದದ ಮಾತೆಲ್ಲ ವಿವರಣೆಗೆ. ಹುಡುಕುವುದಕ್ಕೂ ಇದೇ ಸುಲಭ ಎಂದು ಆಮೇಲೆ ಗೊತ್ತಾಯಿತು. ದೊಡ್ಡಮ್ಮ, ಹಳೇ ಮನೆ ಎರಡೂ ಟ್ಯಾಗ್ ಇರಬೇಕೆಂದು ಹೇಳಿ ಹುಡುಕಿದರೆ ಅವರು ಆ ಮನೆಯಲ್ಲಿದ್ದ ಎಲ್ಲ ಫೋಟೊಗಳೂ ಎದುರಿಗೆ ಬರುತ್ತವೆ. ಅದನ್ನು ನೋಡಿದಾಗ ಬೇಸರ ಅರ್ಧ ಇಳಿಯಿತು.

ಮುಖ ಗುರುತಿಸುವುದರ ಮೇಲೆ ಜಾಸ್ತಿ ಭರವಸೆ ಬೇಡ. ದೊಡ್ಡವರನ್ನು ಚೆನ್ನಾಗಿ ಹಿಡಿಯುತ್ತದೆ. ಅಕ್ಕತಂಗಿಯರನ್ನು ಅದಲುಬದಲು ಮಾಡುತ್ತದೆ. ಮಗುವಾಗಿದ್ದವನೇ ಈಗ ಮೀಸೆ ಬಿಟ್ಟಿದ್ದಾನೆ ಎಂದು ಅದಕ್ಕೆ ಗೊತ್ತಾಗುವುದಿಲ್ಲ, ನಾವೇ ಹೇಳಬೇಕು. ನನ್ನ ಹಳೇ ಕಂಪ್ಯೂಟರಿನಲ್ಲಿ ಈ ಕೆಲಸ ತುಂಬಾ ನಿಧಾನ, ಅದಕ್ಕೆ ರಾತ್ರಿಯೇ ಹಚ್ಚಿಟ್ಟು ಮಲಗುತ್ತೇನೆ. ಹೊಸ ಕಂಪ್ಯೂಟರ್ ಕೊಳ್ಳುವಷ್ಟು ಇದು ನನಗೆ ಮುಖ್ಯವಲ್ಲ.

ಮೆಸೇಜ್ ಆ್ಯಪ್‌ಗಳಲ್ಲಿ ಫೋಟೊ ಕಳಿಸಿದರೆ ಒಳಗಿನ ಹೆಸರುಗಳು ಸಾಮಾನ್ಯವಾಗಿ ಅಳಿಸಿಹೋಗುತ್ತವೆ. ಹಾಗಾಗಿ ನೆಂಟರು ಕೇಳಿದರೆ ಪೆನ್‌ಡ್ರೈವ್‌ನಲ್ಲೇ ಕೊಡುತ್ತೇನೆ.