ಸೂಪರ್‌ಮಾರ್ಕೆಟ್ಟಿನ ಪಾಯಿಂಟ್‌ಗಳಿಂದ ಸಿಗುವುದೆಷ್ಟು? ಮೈಸೂರಿನ ಒಂದು ಮನೆಯ ಬಹುಕಾಲದ ಬಳಕೆಯ ವಿಮರ್ಶೆ

ಕುವೆಂಪುನಗರದಲ್ಲಿ ನಮ್ಮ ಮನೆಗೆ ಹತ್ತಿರವಿರುವ ಸೂಪರ್‌ಮಾರ್ಕೆಟ್ಟೊಂದರ ಪಾಯಿಂಟ್ ಯೋಜನೆಗೆ ನಾವು ಸದಸ್ಯರಾಗಿ ಹಲವು ವರ್ಷಗಳಾಗಿವೆ. ಮಳಿಗೆಯ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಊರಿನ ಬೇರೆ ಮಳಿಗೆಗಳ ಯೋಜನೆಗಳೂ ಹೆಚ್ಚುಕಡಿಮೆ ಇದೇ ಅಚ್ಚಿನವಾದ್ದರಿಂದ, ಈ ವಿಮರ್ಶೆ ಆ ಯೋಜನೆಗಳನ್ನು ಬಳಸುವವರಿಗೂ ಉಪಯೋಗವಾದೀತು. ನಿಯಮಗಳು ಸರಳ. ಬಿಲ್ಲಿನ ಪ್ರತಿ 100 ರೂಪಾಯಿಗೆ ಒಂದು ಪಾಯಿಂಟ್ ಸೇರುತ್ತದೆ. ಒಂದು ಪಾಯಿಂಟಿಗೆ ಒಂದು ರೂಪಾಯಿಯ ಬೆಲೆ. 100 ಪಾಯಿಂಟ್ ತುಂಬಿದ ಮೇಲೆ ಬಿಲ್ಲಿನಲ್ಲಿ ಕಳೆಯಬಹುದು. ಸೇರಿದ ದಿನದಿಂದ ಒಂದು ವರ್ಷದೊಳಗೆ ಬಳಸದೆ ಹೋದರೆ ಅವು ರದ್ದಾಗುತ್ತವೆ.

ಹಾಗೆಂದರೆ ಇದು ನೂರಕ್ಕೆ ಒಂದರಷ್ಟು ರಿಯಾಯಿತಿ. ತಿಂಗಳಿಗೆ 8,000 ರೂಪಾಯಿ ದಿನಸಿಯನ್ನು ಪೂರ್ತಿ ಇಲ್ಲಿಯೇ ಕೊಳ್ಳುವ ಮನೆಗೆ ತಿಂಗಳಿಗೆ 80, ವರ್ಷಕ್ಕೆ 960 ರೂಪಾಯಿ ಸಿಗುತ್ತದೆ. ಸಣ್ಣ ಮೊತ್ತವೆಂದು ತಳ್ಳಿಹಾಕುವಂತಿಲ್ಲ, ಆದರೆ ಅದಕ್ಕಾಗಿ ಕೊಳ್ಳುವ ರೀತಿಯನ್ನೇ ಬದಲಿಸಿಕೊಳ್ಳುವಷ್ಟು ದೊಡ್ಡದೂ ಅಲ್ಲ. ಬೇರೆ ಬೇರೆ ಯೋಜನೆಗಳನ್ನು ಹೋಲಿಸುವವರು ಪಾಯಿಂಟ್‌ಗಳ ಸಂಖ್ಯೆಯನ್ನು ಬದಿಗಿಟ್ಟು, ನೂರು ರೂಪಾಯಿ ಖರ್ಚಿಗೆ ಎಷ್ಟು ಹಣ ಹಿಂದಿರುಗುತ್ತದೆ ಎಂಬುದನ್ನು ಮಾತ್ರ ನೋಡಬೇಕು. ಹಲವು ಅಂಗಡಿಗಳಿಗೆ ಒಂದೇ ಆಗಿದ್ದ ಪೇಬ್ಯಾಕ್ ಪಾಯಿಂಟ್ ಕಾರ್ಡು ಚಲಾವಣೆಯಲ್ಲಿದ್ದಾಗ ಅದರ ನಾಲ್ಕು ಪಾಯಿಂಟ್ ಸೇರಿದರೆ ಒಂದು ರೂಪಾಯಿಯಾಗುತ್ತಿತ್ತು. ಬಿಗ್‌ಬ್ಯಾಸ್ಕೆಟ್ ಸೇರಿಕೊಂಡಿರುವ ಟಾಟಾ ನ್ಯೂ ಯೋಜನೆಯಲ್ಲಿ ಪಾಯಿಂಟಿಗೆ ಕಾಯಿನ್ ಎಂದು ಹೆಸರು, ಒಂದು ಕಾಯಿನ್ನಿಗೆ ಒಂದು ರೂಪಾಯಿ. ಒಂದರಲ್ಲಿ 400, ಇನ್ನೊಂದರಲ್ಲಿ 100 ಎಂದು ಕಂಡರೂ ಎರಡರ ಬೆಲೆ ಒಂದೇ.

ಈ ನೂರಕ್ಕೆ ಒಂದರ ಲೆಕ್ಕ ಮನಸ್ಸಿನಲ್ಲಿ ಗಟ್ಟಿಯಾದರೆ, ಯಾವುದನ್ನು ಈ ಮಳಿಗೆಯಲ್ಲಿ ಕೊಳ್ಳಬಾರದು ಎಂಬುದು ತಾನಾಗಿಯೇ ತಿಳಿಯುತ್ತದೆ. ಸಂತೆಪೇಟೆಯ ಸಗಟು ಅಂಗಡಿಯಲ್ಲಿ ತೊಗರಿಬೇಳೆ ಕಿಲೋಗೆ ಹತ್ತು ರೂಪಾಯಿ ಕಡಿಮೆಗೆ ಸಿಗುತ್ತಿದ್ದರೆ, ಇಲ್ಲಿ ಸಿಗುವ ಒಂದೂವರೆ ರೂಪಾಯಿಯ ಪಾಯಿಂಟ್‌ಗಾಗಿ ಆ ಹತ್ತನ್ನು ಬಿಟ್ಟುಕೊಡುವುದರಲ್ಲಿ ಅರ್ಥವಿಲ್ಲ. ಕಡಲೆಬೇಳೆ, ಉದ್ದಿನಬೇಳೆ, ಒಣಮೆಣಸಿನಕಾಯಿ, ಧನಿಯ, ಹುಣಸೆಹಣ್ಣು ಇವೆಲ್ಲಕ್ಕೂ ಇದೇ ಮಾತು ಅನ್ವಯಿಸುತ್ತದೆ. ತರಕಾರಿ ಮತ್ತು ಬಾಳೆಹಣ್ಣನ್ನು ನಾವು ದೇವರಾಜ ಮಾರುಕಟ್ಟೆಯಿಂದಲೋ ಹಾಪ್‌ಕಾಮ್ಸ್ ಮಳಿಗೆಯಿಂದಲೋ ತರುತ್ತೇವೆ. ಬೆಲ್ಲವನ್ನು ಮಂಡ್ಯದ ಕಡೆಯ ಆಲೆಮನೆಯಿಂದ ಬಂಧುಗಳು ತಂದುಕೊಡುತ್ತಾರೆ. ಇವುಗಳ ತಾಜಾತನ, ಬೆಲೆ ಎರಡೂ ಅಲ್ಲಿಯೇ ಮೇಲು. ಡಿ-ಮಾರ್ಟ್ ಪಾಯಿಂಟ್‌ಗಳ ಗೋಜಿಗೇ ಹೋಗದೆ ದಿನದ ಮಾರಾಟದ ಬೆಲೆಯನ್ನೇ ತಗ್ಗಿಸಿಡುತ್ತದೆ ಎಂಬುದನ್ನೂ ಗಮನದಲ್ಲಿಡಬೇಕು. ಪಾಯಿಂಟ್ ಎಂದರೆ ಒಂದು ವರ್ಷದೊಳಗೆ, ಅದೇ ಅಂಗಡಿಯಲ್ಲಿ, ಅವರು ಹೇಳಿದ ನಿಯಮಕ್ಕೆ ಒಳಪಟ್ಟು ಸಿಗಬಹುದಾದ ರಿಯಾಯಿತಿ. ತಗ್ಗಿಸಿದ ಬೆಲೆಯಾದರೋ ಆ ಕ್ಷಣವೇ ಕೈಯಲ್ಲಿ ಉಳಿಯುವ ಹಣ.

ಹಾಗಾದರೆ ಈ ಯೋಜನೆಯಿಂದ ನಿಜವಾದ ಲಾಭ ಎಲ್ಲಿದೆ? ಎಲ್ಲಿ ಕೊಂಡರೂ ಒಂದೇ ಬೆಲೆಯಿರುವ ಪದಾರ್ಥಗಳಲ್ಲಿದೆ ಎಂಬುದು ನನ್ನ ಅನುಭವ. ಇದಕ್ಕೆ ಒಳ್ಳೆಯ ಉದಾಹರಣೆ ನಂದಿನಿ ತುಪ್ಪ. ಲೀಟರಿಗೆ 600 ರೂಪಾಯಿಗೂ ಮೇಲಿರುವ ಈ ತುಪ್ಪವನ್ನು ನಂದಿನಿ ಮಳಿಗೆಯಲ್ಲಿ ಮುದ್ರಿತ ಬೆಲೆಗೇ ಕೊಡುತ್ತಾರೆ, ನಮ್ಮ ಬೀದಿಯ ಅಂಗಡಿಯಲ್ಲಿಯೂ ಅಷ್ಟೇ, ಈ ಸೂಪರ್‌ಮಾರ್ಕೆಟ್ಟಿನಲ್ಲಿಯೂ ಅಷ್ಟೇ. ಬೆಲೆಯಲ್ಲಿ ವ್ಯತ್ಯಾಸವೇ ಇಲ್ಲದಿರುವಾಗ ಇಲ್ಲಿ ಲೀಟರಿಗೆ ಬರುವ, ಆರಕ್ಕೆ ಕಡಿಮೆಯಿಲ್ಲದ ಪಾಯಿಂಟ್ ಅಪ್ಪಟ ಉಳಿತಾಯ. ಮಗುವಿನ ಹಾಲಿನ ಪುಡಿ, ನಾವು ಬದಲಿಸಲು ಬಯಸದ ಕೆಲವು ಕಾಫಿಪುಡಿ ಮತ್ತು ಚಹಾಪುಡಿ, ಸ್ಯಾನಿಟರಿ ಪ್ಯಾಡ್ ಇಂಥ ವಸ್ತುಗಳನ್ನೂ ನಾವು ಇದೇ ಪಟ್ಟಿಗೆ ಸೇರಿಸಿದ್ದೇವೆ. ಯಾವುದಕ್ಕೆ ಪಾಯಿಂಟ್ ಕೊಡುವುದಿಲ್ಲ ಎಂಬುದನ್ನು ಮಾತ್ರ ಮೊದಲೇ ವಿಚಾರಿಸಿಕೊಳ್ಳಬೇಕು. ನಮ್ಮ ಮಳಿಗೆಯಲ್ಲಿ ಹಾಲು, ಸಕ್ಕರೆ ಮತ್ತು ಕೊಡುಗೆಯ ಬೆಲೆಗೆ ಇಟ್ಟಿರುವ ಅಡುಗೆ ಎಣ್ಣೆ ಲೆಕ್ಕಕ್ಕೆ ಬರುವುದಿಲ್ಲ. ಗೋಡೆಯ ಮೇಲಿನ ಫಲಕದಲ್ಲಿ ಇದನ್ನು ಬರೆದಿಲ್ಲ, ಬಿಲ್ಲನ್ನು ಸಾಲು ಸಾಲಾಗಿ ನೋಡಿದವರಿಗೆ ಮಾತ್ರ ತಿಳಿಯುತ್ತದೆ.

ಎರಡನೆಯ ಲಾಭ ಬಿಲ್ಲನ್ನು ಕೂಡಿಸುವುದರಲ್ಲಿದೆ. ಪೂರ್ತಿ ನೂರು ತುಂಬಿದರಷ್ಟೇ ಪಾಯಿಂಟ್ ಬರುವುದರಿಂದ, ಉಳಿಕೆಯ ರೂಪಾಯಿಗಳು ಪ್ರತಿ ಬಿಲ್ಲಿನಲ್ಲಿಯೂ ವ್ಯರ್ಥವಾಗುತ್ತವೆ. 190 ರೂಪಾಯಿಯ ಮೂರು ಬಿಲ್ಲುಗಳಿಗೆ ತಲಾ ಒಂದರಂತೆ ಮೂರು ಪಾಯಿಂಟ್ ಬಂದರೆ, ಅದೇ 570 ರೂಪಾಯಿಯ ಒಂದು ಬಿಲ್ಲಿಗೆ ಐದು ಬರುತ್ತವೆ. ದಿನವೂ ಸಣ್ಣಪುಟ್ಟದ್ದಕ್ಕೆ ಹೋಗಿಬರುವ ಮನೆಯವರಿಗೆ ಯೋಜನೆಯ ಮುಕ್ಕಾಲು ಪಾಲು ಮಾತ್ರ ದಕ್ಕಬಹುದು, ಕೆಲವೊಮ್ಮೆ ಅರ್ಧವೂ ದಕ್ಕುವುದಿಲ್ಲ. ನಮ್ಮ ಮನೆಯಲ್ಲಿ ಈಗ ತಿಂಗಳ ಸಾಮಾನಿಗೆ ಒಂದು ದೊಡ್ಡ ಬಿಲ್ಲು, ನಡುವೆ ಬೇಕಾದದ್ದಕ್ಕೆ ಬೀದಿಯ ದಿನಸಿ ಅಂಗಡಿ ಎಂಬ ಕ್ರಮವಿದೆ. ಆ ಅಂಗಡಿಯವರು ಫೋನ್ ಮಾಡಿದರೆ ಸಾಮಾನನ್ನು ಮನೆಗೆ ಕಳುಹಿಸುತ್ತಾರೆ, ಲೆಕ್ಕದ ಪುಸ್ತಕದಲ್ಲಿ ಬರೆದುಕೊಂಡು ತಿಂಗಳ ಕೊನೆಗೆ ಹಣ ಪಡೆಯುತ್ತಾರೆ. ಯಾವ ಪಾಯಿಂಟೂ ಕೊಡದ ಆ ಸೌಕರ್ಯದ ಬೆಲೆಯನ್ನು ಲೆಕ್ಕಕ್ಕೆ ಹಿಡಿಯದೆ ಇಂಥ ಯೋಜನೆಗಳನ್ನು ಅಳೆಯುವುದು ಸರಿಯಲ್ಲ.

ಮೂರನೆಯದು, ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು, ಗಳಿಸುವ ದಿನವನ್ನೂ ಬಳಸುವ ದಿನವನ್ನೂ ಬೇರೆ ಬೇರೆಯಾಗಿ ಇಟ್ಟುಕೊಳ್ಳುವುದು. ಗೌರಿ-ಗಣೇಶ ಹಬ್ಬ, ದಸರಾ, ಸಂಕ್ರಾಂತಿ, ಯುಗಾದಿಗಳ ಹಿಂದುಮುಂದಿನ ಕೆಲವು ದಿನ ಈ ಮಳಿಗೆಯಲ್ಲಿ ಐದು ಪಟ್ಟು ಪಾಯಿಂಟ್ ಕೊಡುತ್ತಾರೆ. ಪಾಯಿಂಟಿನಿಂದ ತೀರಿಸಿದ ಭಾಗಕ್ಕೆ ಹೊಸ ಪಾಯಿಂಟ್ ಬರುವುದಿಲ್ಲವಾದ್ದರಿಂದ, ಅಂಥ ದಿನ 2,000 ರೂಪಾಯಿ ಬಿಲ್ಲಿನಲ್ಲಿ 300 ರೂಪಾಯಿಯನ್ನು ಹಳೆಯ ಪಾಯಿಂಟ್‌ಗಳಿಂದ ಕಳೆದರೆ 100ರ ಬದಲು 85 ಪಾಯಿಂಟ್ ಮಾತ್ರ ಸೇರುತ್ತವೆ; 15 ರೂಪಾಯಿ ಕೈಬಿಟ್ಟಂತಾಯಿತು. ಅದೇ 300 ರೂಪಾಯಿಯನ್ನು ಸಾಮಾನ್ಯ ದಿನ ಕಳೆದರೆ ತಪ್ಪಿಹೋಗುವುದು ಮೂರೇ ರೂಪಾಯಿ. ಆದ್ದರಿಂದ ಹಬ್ಬದ ಕೊಡುಗೆಯ ದಿನ ಪೂರ್ತಿ ಹಣವನ್ನೇ ಕೊಟ್ಟು ಕೊಂಡು, ಕೂಡಿದ ಪಾಯಿಂಟ್‌ಗಳನ್ನು ಮುಂದಿನ ತಿಂಗಳ ಸಾಮಾನ್ಯ ಬಿಲ್ಲಿನಲ್ಲಿ ತೀರಿಸುವುದು ಲಾಭಕರ. ಕೊಳ್ಳುವ ಪಟ್ಟಿಯನ್ನೂ ಇದಕ್ಕೆ ಹೊಂದಿಸಿಕೊಳ್ಳಬಹುದು. ಸೋಪು, ಬಟ್ಟೆ ತೊಳೆಯುವ ಪುಡಿ, ಊದುಬತ್ತಿ, ಕರ್ಪೂರ, ತುಪ್ಪ ಇವು ಕೆಡದೆ ಉಳಿಯುವಂಥವು; ಬೊಂಬೆ ಕೂರಿಸುವ ಮನೆಗಳಲ್ಲಿ ಮಕ್ಕಳಿಗೆ ಕೊಡುವ ಬೊಂಬೆ ಬಾಗಿನದ ತಿಂಡಿಗೆ ಬೇಕಾಗುವ ಗೋಡಂಬಿ, ದ್ರಾಕ್ಷಿಗಳ ಖರ್ಚೂ ಆ ಕಾಲಕ್ಕೇ ಬರುತ್ತದೆ. ಎಲ್ಲ ಕಡೆಯೂ ಒಂದೇ ಬೆಲೆಯಿರುವ ತುಪ್ಪದ ಮೇಲೆ ನೂರಕ್ಕೆ ಐದು ಬಂದಾಗ ಒಂದು ಲೀಟರಿಗೆ 30 ರೂಪಾಯಿಯಾದರೂ ಉಳಿಯುತ್ತದೆ. ವರ್ಷದಲ್ಲಿ ನಮಗೆ ಈ ಯೋಜನೆಯಿಂದ ಸಿಕ್ಕಿದ್ದರಲ್ಲಿ ದೊಡ್ಡ ಪಾಲು ಈ ಕೆಲವೇ ದಿನಗಳದು.

ಆದರೆ ಕೊಡುಗೆಯ ದಿನಗಳಲ್ಲಿಯೇ ಎಚ್ಚರವೂ ಹೆಚ್ಚು ಬೇಕು. ಐದು ಪಟ್ಟು ಪಾಯಿಂಟ್ ಕೊಡುವ ವಾರದಲ್ಲಿ, ಹಿಂದಿನ ವಾರ ಕಡಿಮೆ ಬೆಲೆಗೆ ಇದ್ದ ಪದಾರ್ಥವೇ ಮುದ್ರಿತ ಬೆಲೆಗೆ ಏರಿರುವುದನ್ನು ಒಂದಕ್ಕಿಂತ ಹೆಚ್ಚು ಸಲ ಕಂಡಿದ್ದೇನೆ. ಬಿಲ್ಲಿನ ಕೆಳಗೆ ದೊಡ್ಡ ಅಕ್ಷರದಲ್ಲಿ ಅಚ್ಚಾಗುವ ಉಳಿತಾಯದ ಮೊತ್ತವನ್ನು ನಂಬಿ ಸಂತೋಷಪಡುವಂತಿಲ್ಲ. ಅದು ಮುದ್ರಿತ ಬೆಲೆಗೂ ಮಾರಿದ ಬೆಲೆಗೂ ಇರುವ ಅಂತರವೇ ಹೊರತು, ಬೇರೆ ಅಂಗಡಿಗಿಂತ ನಮಗೆ ಉಳಿದ ಹಣವಲ್ಲ. ಈಗ ಪೊಟ್ಟಣಗಳ ಮೇಲೆ ಗ್ರಾಮಿಗೆ ಅಥವಾ ಕಿಲೋಗೆ ಎಷ್ಟು ಎಂಬ ಬೆಲೆಯನ್ನೂ ಮುದ್ರಿಸುವುದರಿಂದ ಹೋಲಿಕೆ ಸುಲಭವಾಗಿದೆ. ದೊಡ್ಡ ಪೊಟ್ಟಣವೇ ಯಾವಾಗಲೂ ಅಗ್ಗವೆಂಬ ನಂಬಿಕೆ ಆ ಸಣ್ಣ ಅಕ್ಷರಗಳನ್ನು ಓದಿದಾಗ ಹಲವು ಕಡೆ ಸುಳ್ಳಾಗುತ್ತದೆ. ತೆರಿಗೆಯ ಬದಲಾವಣೆಗಳನ್ನೂ ಗಮನಿಸಬೇಕು. ತಲೆಗೆ ಹಚ್ಚುವ ಎಣ್ಣೆ, ಶಾಂಪೂ, ಟೂತ್‌ಪೇಸ್ಟ್, ಸ್ನಾನದ ಸೋಪುಗಳ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇಕಡಾ 18ರಿಂದ 5ಕ್ಕೆ, ತುಪ್ಪ ಮತ್ತು ಬೆಣ್ಣೆಯ ಮೇಲಿನದು 12ರಿಂದ 5ಕ್ಕೆ ಇಳಿಯಿತು. ಹಳೆಯ ದಾಸ್ತಾನಿನ ಪೊಟ್ಟಣಕ್ಕೆ ಹಳೆಯ ಬೆಲೆಯನ್ನೇ ಹಾಕಿದ್ದಾರೆಯೇ ಎಂದು ಆ ದಿನಗಳಲ್ಲಿ ನೋಡಿಕೊಂಡವರಿಗೆ ಒಂದೊಂದು ವಸ್ತುವಿನಲ್ಲಿ ಉಳಿದದ್ದು, ಅದೇ ವಸ್ತುವಿನ ಪಾಯಿಂಟ್‌ಗಳಿಗಿಂತ ಹಲವು ಪಟ್ಟು ಹೆಚ್ಚು.

ಯೋಜನೆಯ ಬಗ್ಗೆ ನನಗಿರುವ ದೊಡ್ಡ ಆಕ್ಷೇಪ ನಿಯಮ ಬದಲಿಸುವ ರೀತಿಯದು. ಮೊದಲು 50 ಪಾಯಿಂಟ್ ಇದ್ದರೂ ಬಿಲ್ಲಿನಲ್ಲಿ ಕಳೆಯುತ್ತಿದ್ದರು. ಅದನ್ನು 100ಕ್ಕೆ ಏರಿಸಿದಾಗ ಒಂದು ಸಂದೇಶ ಬಂತು, ಅದೂ ಜಾಹೀರಾತಿನ ಸಂದೇಶಗಳ ನಡುವೆ. ಅವಧಿ ಮುಗಿಯುವ ಮುನ್ನ ಎಚ್ಚರಿಸುವ ವ್ಯವಸ್ಥೆಯೂ ಇಲ್ಲ. ಸದಸ್ಯರಿಂದ ಫೋನ್ ಸಂಖ್ಯೆ ಪಡೆದು ದಿನವೂ ಕೊಡುಗೆಗಳ ಸಂದೇಶ ಕಳುಹಿಸುವವರಿಗೆ, ಇಷ್ಟು ಪಾಯಿಂಟ್ ಈ ತಿಂಗಳು ರದ್ದಾಗುತ್ತವೆ ಎಂಬ ಒಂದು ಸಾಲು ಕಳುಹಿಸುವುದು ಕಷ್ಟವೇನಲ್ಲ. ನನ್ನ ಮಟ್ಟಿಗೆ ಇದು ಸಣ್ಣ ವಿಷಯವಲ್ಲ. ಮೂರು ತಿಂಗಳಿಗೊಮ್ಮೆ ಬರುವ ವೃದ್ಧರು, ಊರಿನಿಂದ ಹೊರಗೆ ಮಕ್ಕಳ ಮನೆಗೆ ಹೋಗಿ ಬರುವವರು ಇದರಿಂದಲೇ ಹೆಚ್ಚು ಕಳೆದುಕೊಳ್ಳುತ್ತಾರೆ.

ಫೋನ್ ಸಂಖ್ಯೆಯ ವಿಚಾರದಲ್ಲಿ ಎರಡು ಮಾತು ಹೇಳಬೇಕು. ಇಂಥ ಯೋಜನೆಗಳಲ್ಲಿ ಅಂಗಡಿಗೆ ಸಿಗುವುದು ನಮ್ಮ ಕೊಳ್ಳುವಿಕೆಯ ಪೂರ್ಣ ಮಾಹಿತಿ. 1995ರಲ್ಲಿ ಬ್ರಿಟನ್ನಿನ ಟೆಸ್ಕೊ ತನ್ನ ಕ್ಲಬ್‌ಕಾರ್ಡನ್ನು ತಂದಾಗಿನಿಂದ ದೊಡ್ಡ ಮಳಿಗೆಗಳಿಗೆ ಈ ಮಾಹಿತಿಯ ಬೆಲೆ ಚೆನ್ನಾಗಿ ತಿಳಿದಿದೆ. ಪಾಯಿಂಟ್ ಬೇಕೆಂದಾದರೆ ಸಂಖ್ಯೆಯನ್ನು ಕೊಡುವುದು ಸಹಜ. ಬೇಡವೆಂದವರಿಗೂ ಸಂಖ್ಯೆಯಿಲ್ಲದೆ ಬಿಲ್ ಆಗುವುದಿಲ್ಲ ಎನ್ನುವುದು ಸರಿಯಲ್ಲ. ಗ್ರಾಹಕರ ಫೋನ್ ಸಂಖ್ಯೆಗಾಗಿ ಒತ್ತಾಯಿಸಬಾರದೆಂದು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಮೇ ತಿಂಗಳಲ್ಲಿ ಚಿಲ್ಲರೆ ಮಳಿಗೆಗಳಿಗೆ ಸೂಚಿಸಿದೆ. ಎರಡನೆಯದು ಮನೆಯೊಳಗಿನ ವ್ಯವಸ್ಥೆಯ ಮಾತು. ಮನೆಯವರೆಲ್ಲರೂ ಒಂದೇ ಸಂಖ್ಯೆಯನ್ನು ಹೇಳಿದರೆ ನೂರರ ಮಿತಿ ಬೇಗ ದಾಟುತ್ತದೆ. ಆದರೆ ಪಾಯಿಂಟ್ ಕಳೆಯುವಾಗ ಆ ಸಂಖ್ಯೆಗೇ ಒಟಿಪಿ ಬರುತ್ತದೆ. ಹಾಗಾಗಿ ಹೆಚ್ಚಾಗಿ ಅಂಗಡಿಗೆ ಹೋಗುವವರ ಸಂಖ್ಯೆಯನ್ನೇ ನೋಂದಾಯಿಸುವುದು ಒಳ್ಳೆಯದು. ಕೌಂಟರಿನ ಮುಂದೆ ನಿಂತು, ಕಚೇರಿಯಲ್ಲಿರುವ ಮಗನಿಗೋ ಅಡುಗೆಮನೆಯಲ್ಲಿರುವ ಅತ್ತೆಯವರಿಗೋ ಫೋನ್ ಮಾಡುತ್ತಾ ಸರದಿಯಲ್ಲಿರುವವರನ್ನು ಕಾಯಿಸುವುದು ತಪ್ಪುತ್ತದೆ.

ಹಣ ಕೊಡುವ ವಿಧಾನದಿಂದ ಪಾಯಿಂಟ್‌ಗಳಿಗೆ ಧಕ್ಕೆಯಿಲ್ಲ. ಹೆಬ್ಬಾಳದ ಕಂಪನಿಯಲ್ಲಿ ಕೆಲಸ ಮಾಡುವ ನಮ್ಮ ಸೊಸೆಗೆ ಊಟದ ಖರ್ಚಿಗೆಂದು ಕಂಪನಿ ಕೊಡುವ ಕಾರ್ಡನ್ನು ಆಹಾರ ಪದಾರ್ಥಗಳಿಗೆ ಇಲ್ಲಿ ಒಪ್ಪುತ್ತಾರೆ, ಅದಕ್ಕೂ ಪಾಯಿಂಟ್ ಸೇರುತ್ತದೆ. ಕ್ರೆಡಿಟ್ ಕಾರ್ಡಿನ ಕ್ಯಾಷ್‌ಬ್ಯಾಕ್ ಇದ್ದರೆ ಅದು ಬೇರೆಯಾಗಿ ಸಿಗುತ್ತದೆ, ಆದರೆ ಬಿಲ್ಲನ್ನು ಗಡುವಿನೊಳಗೆ ಪೂರ್ತಿ ಕಟ್ಟುವವರಿಗೆ ಮಾತ್ರ ಅದು ಲಾಭ.

ಪಾಯಿಂಟ್‌ಗಳನ್ನು ಠೇವಣಿಯಂತೆ ಕೂಡಿಡುವವರಿಗೆ ನನ್ನ ಸಲಹೆ ಬೇರೆಯೇ ಇದೆ. ಇವಕ್ಕೆ ಬಡ್ಡಿಯಿಲ್ಲ, ಅವಧಿಯಿದೆ, ನಿಯಮ ಬದಲಿಸುವ ಅಧಿಕಾರ ಅಂಗಡಿಯ ಕೈಯಲ್ಲಿದೆ. ದೇಶದಾದ್ಯಂತ ಹರಡಿದ್ದ ಬಿಗ್ ಬಜಾರ್ ಮಳಿಗೆಗಳೇ 2022ರಲ್ಲಿ ಬಾಗಿಲು ಹಾಕಿದವು. ಹೀಗಾಗಿ ನೂರು ತುಂಬಿದೊಡನೆ, ಹಬ್ಬದ ಕೊಡುಗೆಯಿಲ್ಲದ ಮೊದಲ ದೊಡ್ಡ ಬಿಲ್ಲಿನಲ್ಲಿಯೇ ನಾವು ಅವನ್ನು ತೀರಿಸಿಬಿಡುತ್ತೇವೆ. ಬಿಲ್ಲಿನ ತಳದಲ್ಲಿ ಉಳಿದ ಪಾಯಿಂಟ್‌ಗಳ ಮೊತ್ತ ಇರುತ್ತದೆ. ಆ ಕಾಗದದ ಅಕ್ಷರ ಕೆಲವೇ ವಾರಗಳಲ್ಲಿ ಮಾಸಿಹೋಗುವುದರಿಂದ ಫೋನಿನಲ್ಲಿ ಅದರ ಚಿತ್ರ ತೆಗೆದಿಟ್ಟುಕೊಳ್ಳಬೇಕು. ಲೆಕ್ಕ ತಪ್ಪಾದಾಗ ಮಳಿಗೆಯ ವ್ಯವಸ್ಥಾಪಕರು ಆ ಚಿತ್ರವನ್ನು ನೋಡಿ ಸರಿಪಡಿಸಿಕೊಟ್ಟಿದ್ದಾರೆ. ಅಲ್ಲಿ ಪರಿಹಾರ ಸಿಗದವರು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಬಹುದು, ಆಗಲೂ ಕೇಳುವುದು ಬಿಲ್ಲನ್ನೇ.