ಚಳಿಗಾಲದ ಕೋಸಿಗೆ ‘ಎಲ್ಲಾ ಸೇರಿಸಿದ ಔಷಧಿ’ ಕೊಟ್ಟರೆ ತಗೋಬೇಡಿ

ಚಳಿಗಾಲದಲ್ಲಿ ಎಲೆಕೋಸು, ಹೂಕೋಸು, ಟೊಮೆಟೊ ಹಾಕುವವರಿಗೆ ಒಂದು ಮಾತು. ಹುಳಕ್ಕೆ, ರೋಗಕ್ಕೆ, ಚಳಿಗೆ ಎಲ್ಲಕ್ಕೂ ಇದೊಂದೇ ಸಾಕು ಅಂತ ಯಾರಾದರೂ ಮಿಶ್ರಣ ಹೇಳಿಕೊಟ್ಟರೆ ದಯವಿಟ್ಟು ಹೊಡೆಯಬೇಡಿ. ನಮ್ಮ ಎಲೆಕೋಸನ್ನು ಹುಳಕ್ಕಿಂತ ಜಾಸ್ತಿ ಹಾಳು ಮಾಡಿದ್ದು ಅದೇ.

ಗಿಡ ಚೆನ್ನಾಗಿ ಎದ್ದಿತ್ತು. ಗೆಡ್ಡೆ ಕಟ್ಟುವ ಹೊತ್ತಿಗೆ ಸರಿಯಾಗಿ ಮೋಡ ಮುಸುಕಿತು. ಜಿಟಿಜಿಟಿ ಮಳೆ, ಬಿಸಿಲಿಲ್ಲ, ಮಧ್ಯಾಹ್ನವಾದರೂ ಎಲೆ ಒಣಗುತ್ತಿರಲಿಲ್ಲ. ಆಮೇಲೆ ಎಲೆಯಲ್ಲಿ ತೂತು ಕಾಣಿಸಿತು. ಔಷಧಿ ಮಾರುವವರೊಬ್ಬರು ಮೊಬೈಲಿನಲ್ಲಿ ಫೋಟೋ ನೋಡಿದವರೇ ನಾಲ್ಕು ಬಾಟಲಿ ತೆಗೆದಿಟ್ಟರು. ಒಂದು ಹುಳದ ಔಷಧಿ, ಒಂದು ರೋಗಕ್ಕೆ ಹೊಡೆಯುವ ತಾಮ್ರದ ಔಷಧಿ, ಔಷಧಿ ಎಲೆಗೆ ಹಿಡಿಯಲಿ ಅಂತ ಒಂದು ಎಣ್ಣೆಯಂಥ ಅಂಟು, ಇನ್ನೊಂದು ಲೇಬಲ್ಲೇ ಇಲ್ಲದ ‘ಚಳಿ ತಡೆಯುವ ಟಾನಿಕ್’. ಎಲ್ಲಾ ಒಂದೇ ಪಂಪಿಗೆ ಹಾಕಿ, ಬೆಳಗ್ಗೆ ಬೆಳಗ್ಗೆಯೇ ಹೊಡೆಯಿರಿ, ವಾರಕ್ಕೆರಡು ಸಲ ಅಂದರು. ‘ಈ ಹವೆಗೆ ಇದು ಹೊಡೀಲಿಲ್ಲ ಅಂದ್ರೆ ಬೆಳೆ ಕೈಗೆ ಸಿಗಲ್ಲ’ ಅಂತ ಹೆದರಿಸಿದ್ದೂ ಆಯ್ತು.

ಮೊದಲು ಎಲೆ ಸುಟ್ಟಿತು. ತಾಮ್ರದ ಔಷಧಿ ಒಳ್ಳೆಯದೇ, ಆದರೆ ಎಲೆ ಬೇಗ ಒಣಗದ ತಂಪು ಹವೆಯಲ್ಲಿ ಅದು ಎಲೆಯನ್ನೇ ಸುಡಬಹುದು. ಹುಳಿ ಅಂಶದ ನೀರೋ ಟಾನಿಕ್ಕೋ ಜೊತೆಗೆ ಸೇರಿದರೆ ತಾಮ್ರ ಜಾಸ್ತಿ ಕರಗಿ ಇನ್ನೂ ಕೆಟ್ಟದು. ಮಾರುವವರಿಗೆ ಇದು ಗೊತ್ತಿರಬೇಕಿತ್ತು ಅಲ್ವಾ?

ಇಷ್ಟಾದರೂ ಹುಳ ಸಾಯಲಿಲ್ಲ. ಅದು ವಜ್ರಬೆನ್ನಿನ ಪತಂಗದ ಮರಿ. ಗುರುತು ಹಿಡಿಯುವುದು ಕಷ್ಟವಲ್ಲ, ಎಲೆ ಮಗುಚಿ ನೋಡಬೇಕು ಅಷ್ಟೇ. ಎರಡೂ ತುದಿ ಚೂಪಾದ ಸಣ್ಣ ಹಸಿರು ಹುಳ. ಕಡ್ಡಿಯಿಂದ ಮುಟ್ಟಿದರೆ ವಿಲವಿಲ ಒದ್ದಾಡಿ, ನೂಲು ಬಿಟ್ಟುಕೊಂಡು ಕೆಳಗೆ ಜೋತು ಬೀಳುತ್ತದೆ. ಚಿಕ್ಕದಿದ್ದಾಗ ಎಲೆಯ ಅಡಿಯಿಂದ ಕೆರೆದು ತಿಂದು ಮೇಲಿನ ತೆಳು ಪೊರೆ ಮಾತ್ರ ಉಳಿಸುತ್ತದೆ. ಬೆಳಕಿಗೆ ಹಿಡಿದರೆ ಆ ಜಾಗ ಗಾಜಿನ ಹಾಗೆ ಕಾಣುತ್ತದೆ. ಔಷಧಿಗೆ ಒಗ್ಗಿಕೊಳ್ಳುವುದರಲ್ಲಿ ಈ ಹುಳ ಎತ್ತಿದ ಕೈ. ಇದು ಡಿಡಿಟಿಗೆ ಬಗ್ಗುತ್ತಿಲ್ಲ ಎಂದು ಜಾವಾ ದ್ವೀಪದಿಂದ ವರದಿ ಬಂದಿದ್ದು 1953ರಲ್ಲೇ. 1990ರ ಹೊತ್ತಿಗೆ ಹವಾಯಿಯ ಹೊಲಗಳಲ್ಲಿ ಬಿಟಿ, ಅಂದರೆ ಹುಳ ಕೊಲ್ಲುವ ಬ್ಯಾಕ್ಟೀರಿಯಾದ ಸಿಂಪಡಣೆಯನ್ನೂ ತಡೆದುಕೊಂಡಿತ್ತು. ಅಂಥದ್ದಕ್ಕೆ ವಾರಕ್ಕೆರಡು ಸಲ ಅದದೇ ಔಷಧಿ ಹೊಡೆಯಿರಿ ಅಂದರೆ ಏನು ಹೇಳೋಣ!

ಸತ್ತಿದ್ದು ಯಾರು ಗೊತ್ತಾ? ಸಸ್ಯಹೇನು ತಿನ್ನುವ ಗುಲಗಂಜಿ ಹುಳ. ಜೊತೆಗೆ ಆ ಎಲೆ ತಿನ್ನುವ ಹುಳದ ಮೈಯಲ್ಲಿ ಮೊಟ್ಟೆ ಇಡುವ ಸಣ್ಣ ಕಣಜಗಳು. ಮೊದಲು ಎಲೆಯ ಅಡಿ ಅಕ್ಕಿಕಾಳಿಗಿಂತ ಚಿಕ್ಕ ಬಿಳಿ ಗೂಡುಗಳು ಕಾಣುತ್ತಿದ್ದವು. ಅವು ಆ ಕಣಜದ್ದೇ, ಅಂದರೆ ಹುಳ ಪುಕ್ಕಟೆಯಾಗಿ ಸಾಯುತ್ತಿತ್ತು. ಮಿಶ್ರಣ ಬಿದ್ದ ಮೇಲೆ ಅವೂ ಇಲ್ಲ. ತಿನ್ನುವವರು ಇಲ್ಲದ ಕಡೆ ಸಸ್ಯಹೇನಿಗೆ ಹಬ್ಬ. ಬೂದಿ ಬಣ್ಣದ ಹೇನು ಸುಳಿಯೊಳಗೆ ಗುಂಪುಗಟ್ಟಿತು, ಎಲೆ ಮುದುರಿತು. ಅದಕ್ಕೆ ಐದನೇ ಬಾಟಲಿ ತಗೊಳ್ಳಿ ಅಂದರು.

ಎಲ್ಲಕ್ಕಿಂತ ಸಿಟ್ಟು ಬರಿಸಿದ್ದು ಎಲೆಯ ಅಂಚಿನ ವಿಷಯ. ಅಂಚಿನಿಂದ ಒಳಗೆ ಇಂಗ್ಲಿಷಿನ ವಿ ಅಕ್ಷರದ ಹಾಗೆ ಹಳದಿ ಹರಡುತ್ತಿತ್ತು, ನರ ಕಪ್ಪಾಗಿತ್ತು. ‘ಪೋಷಕಾಂಶ ಕಮ್ಮಿ, ಟಾನಿಕ್ ಜಾಸ್ತಿ ಮಾಡಿ’ ಅಂತ ಉತ್ತರ. ಅದು ಕಪ್ಪು ಕೊಳೆ ರೋಗ. ಬ್ಯಾಕ್ಟೀರಿಯಾದಿಂದ ಬರುವಂಥದ್ದು, ಹುಳದ ಔಷಧಿಗೂ ಟಾನಿಕ್ಕಿಗೂ ಅದಕ್ಕೂ ಸಂಬಂಧವೇ ಇಲ್ಲ. ಕಾಂಡ ಅಡ್ಡ ಕೊಯ್ದರೆ ಒಳಗೆ ಕಪ್ಪು ಉಂಗುರ ಕಾಣಬಹುದು. ಬೆಳಗ್ಗೆ ಕೋಸಿನ ಎಲೆಯಂಚಿನಲ್ಲಿ ಸಾಲಾಗಿ ನಿಂತಿರುವ ಹನಿ ಎಲ್ಲವೂ ಇಬ್ಬನಿಯಲ್ಲ, ಗಿಡವೇ ಹೊರಹಾಕಿದ ನೀರೂ ಇರುತ್ತದೆ. ಆ ನೀರು ಹೊರಬರುವ ಸಣ್ಣ ರಂಧ್ರಗಳಿಂದಲೇ ರೋಗ ಒಳಗೆ ಹೋಗುತ್ತದೆ. ಒದ್ದೆ ಗಿಡಗಳ ನಡುವೆ ಓಡಾಡಿದರೆ ಬಟ್ಟೆ, ಕೈ, ಪೈಪು ಎಲ್ಲವೂ ಅದನ್ನು ಮುಂದಿನ ಸಾಲಿಗೆ ದಾಟಿಸುತ್ತವೆ. ಬೆಳಗ್ಗೆ ಬೆಳಗ್ಗೆಯೇ ಹೊಡೆಯಿರಿ ಅನ್ನುವ ಸಲಹೆ ಮಾಡಿದ್ದು ಇದನ್ನೇ. ಈ ರೋಗ ಬೀಜದಲ್ಲೇ ಬರುತ್ತದೆ. ಎಲೆಕೋಸಿನ ಬೀಜವನ್ನು 50 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ 25 ನಿಮಿಷ ಇಟ್ಟು ತೆಗೆಯುವುದು ಹಳೆಯ ಪದ್ಧತಿ, ಆದರೆ ಬಿಸಿ ಸ್ವಲ್ಪ ಮೀರಿದರೂ ಬೀಜ ಮೊಳೆಯುವುದಿಲ್ಲ. ಬೆಳೆ ನಿಂತ ಮೇಲೆ ಗುಣಪಡಿಸುವ ಮದ್ದಿಲ್ಲ.

ಹುಳಕ್ಕೆ ಬೇರೆ ದಾರಿ ಇದೆ. ಸಸಿಮಡಿಗೆ ಸಣ್ಣ ಕಣ್ಣಿನ ಬಲೆ ಹಾಕಿ. ಕೋಸಿನ ನಡುನಡುವೆ ಸಾಸಿವೆ ಸಾಲು ಇರಲಿ. ನಾಟಿಗೆ 15 ದಿನ ಮೊದಲು ಒಂದು ಸಾಲು, ನಾಟಿಯಾದ 25 ದಿನಕ್ಕೆ ಇನ್ನೊಂದು. ಪತಂಗ ಅಲ್ಲಿಗೆ ಹೋಗಿ ಮೊಟ್ಟೆ ಇಡುತ್ತದೆ, ಔಷಧಿ ಬೇಕಾದರೆ ಆ ಸಾಸಿವೆಗೆ ಹೊಡೆದರಾಯಿತು. ಸುಮ್ನೆ ಬಿಟ್ಟರೆ ಮಾತ್ರ ಸಾಸಿವೆಯೇ ಹುಳ ಸಾಕುವ ಜಾಗವಾಗುತ್ತದೆ. ಬಿಟಿ ಹೊಡೆಯುವುದಿದ್ದರೆ ಹುಳ ಚಿಕ್ಕದಿರುವಾಗ, ಸಂಜೆ ಹೊತ್ತು. ಬಿಸಿಲಿಗೆ ಅದರ ಶಕ್ತಿ ಬೇಗ ಇಳಿಯುತ್ತದೆ. ಟೊಮೆಟೊದ ಅಂಗಮಾರಿ ಬೇರೆಯೇ ಕತೆ. ತಂಪು, ಒದ್ದೆ ಹವೆ ಹಿಡಿದುಕೊಂಡರೆ ಅದಕ್ಕೆ ಕಾಯುತ್ತಾ ಕೂರುವಂತಿಲ್ಲ, ರೋಗ ಕಾಣುವ ಮೊದಲೇ ರಕ್ಷಣೆ ಬೇಕು.

ಇನ್ನು ಆ ಚಳಿಯ ಟಾನಿಕ್. ಮೋಡ ಸರಿದು, ಗಾಳಿಯಿಲ್ಲದೆ ಆಕಾಶ ತಿಳಿಯಾದ ರಾತ್ರಿ ಎಲೆ ಮೇಲೆ ಹಿಮ ಕಟ್ಟಿತು. ಟಾನಿಕ್ ಕುಡಿದ ಸಾಲು, ಕುಡಿಯದ ಸಾಲು ಎರಡೂ ಒಂದೇ ಥರ ಬಾಡಿದವು. ಅಂಥ ರಾತ್ರಿಗೆ ಮುಂಚೆ ಮಣ್ಣಿಗೆ ನೀರು ಕಟ್ಟಿ, ಹಸಿ ಮಣ್ಣು ಹಗಲಿನ ಬಿಸಿಯನ್ನು ಜಾಸ್ತಿ ಹಿಡಿದಿಟ್ಟುಕೊಳ್ಳುತ್ತದೆ. ಸಣ್ಣ ಮಡಿಯಾದರೆ ಬಟ್ಟೆ ಹೊದಿಸಿ. ಪ್ಲಾಸ್ಟಿಕ್ ಎಲೆಗೆ ತಾಗಿದರೆ ತಾಗಿದ ಕಡೆಯೇ ಸುಡುತ್ತದೆ.

ಅಲ್ಲಲ್ಲಿ ಒಂದಷ್ಟು ಗೆಡ್ಡೆ ಚೆನ್ನಾಗಿ ಉಳಿದಿದ್ದವು. ಅವನ್ನೂ ಕೊಯ್ಯಲಿಲ್ಲ. ಯಾವ ಔಷಧಿಯಾದರೂ ಹೊಡೆದ ಮೇಲೆ ಎಷ್ಟು ದಿನ ಬಿಟ್ಟು ಕೊಯ್ಯಬೇಕು ಅಂತ ಲೇಬಲ್ ಮೇಲೆ ಇರುತ್ತದೆ. ಲೇಬಲ್ಲೇ ಇಲ್ಲದ ಬಾಟಲಿಗೆ ಯಾವ ಲೆಕ್ಕ? ತಿನ್ನುವ ಪದಾರ್ಥ ಅದು, ದನಕ್ಕೂ ಹಾಕುವಂತಿಲ್ಲ. ಮಾರಿದವರನ್ನು ಕೇಳಲು ಹೋದರೆ, ‘ಆ ಬಾಟಲಿ ನಾನೇ ಕೊಟ್ಟಿದ್ದು ಅನ್ನೋದಕ್ಕೆ ಬಿಲ್ ಇದೆಯಾ?’ ಅಂದರು. ಆ ಒಂದು ಬಾಟಲಿಯನ್ನು ಬಿಲ್ಲಿನಲ್ಲಿ ಅವರು ಬರೆದೇ ಇರಲಿಲ್ಲ.