ಯಾದ್: ಬೆಳ್ಳಿಯದೋ, ಮರದ್ದೋ?

13 ತುಂಬಿದ ಯಹೂದಿ ಹುಡುಗ ಧಾರ್ಮಿಕವಾಗಿ ದೊಡ್ಡವನಾಗುವ ಆಚರಣೆಯಾದ ಬಾರ್ ಮಿಟ್ಸ್‌ವಾಗೆ ಯಾದ್ ಕೊಡಬೇಕು ಅಂದುಕೊಂಡವರಿಗೆ ಬರುವ ಮೊದಲ ಪ್ರಶ್ನೆ ಇದು. ಹೀಬ್ರೂವಿನಲ್ಲಿ ಯಾದ್ ಅಂದರೆ ಕೈ. ತುದಿಯಲ್ಲಿ ತೋರುಬೆರಳು ಚಾಚಿದ ಪುಟ್ಟ ಕೈ ಇರುವ, ಓದುವ ಸಾಲನ್ನು ತೋರಿಸುವ ಕಡ್ಡಿ. ಯಹೂದಿಗಳ ಪವಿತ್ರ ಗ್ರಂಥವಾದ ತೋರಾದ ಸುರುಳಿಯನ್ನು ಬರಿಗೈಯಲ್ಲಿ ಮುಟ್ಟುವ ಹಾಗಿಲ್ಲ. ಬೆರಳಿನ ಜಿಡ್ಡು, ಬೆವರು ಚರ್ಮದ ಹಾಳೆಗೂ ಶಾಯಿಗೂ ಕೇಡು. ಜೊತೆಗೆ, ಆ ಬರಹದಲ್ಲಿ ಸ್ವರಾಕ್ಷರದ ಗುರುತಿಲ್ಲ, ಹಾಡಿ ಓದುವ ರಾಗದ ಗುರುತೂ ಇಲ್ಲ. ಕಣ್ಣು ಒಂಚೂರು ಜಾರಿದರೆ ಸಾಲೇ ತಪ್ಪುತ್ತದೆ.

ಬೆಳ್ಳಿಯದಕ್ಕೆ ಗತ್ತು ಜಾಸ್ತಿ. ಹೆಸರು ಕೆತ್ತಿಸಬಹುದು. ಸಾಮಾನ್ಯವಾಗಿ ಸರಪಳಿಯೂ ಇರುತ್ತದೆ, ಓದು ಮುಗಿದ ಮೇಲೆ ಸುರುಳಿಗೆ ನೇತುಹಾಕಬಹುದು. ಆದರೆ ಭಾರ, ದುಬಾರಿ. ಕಪ್ಪಾಗುತ್ತದೆ ಬೇರೆ. ಹಬ್ಬಕ್ಕೆ ಮುಂಚೆ ಬೆಳ್ಳಿ ದೀಪ ಉಜ್ಜಿದವರಿಗೆ ಆ ಕಷ್ಟ ಗೊತ್ತಲ್ವಾ!

ಆಲಿವ್ ಮರದ್ದು ಹಗುರ, ಉಜ್ಜುವ ತಲೆನೋವಿಲ್ಲ, ಬೆಲೆಯೂ ಕಡಿಮೆ. ಕೆಳಗೆ ಬಿದ್ದರೆ ಮಾತ್ರ ಆ ಸಣ್ಣ ಬೆರಳು ಮುರಿಯಬಹುದು.

ಯಾವುದನ್ನೇ ಕೊಂಡರೂ ತುದಿಯನ್ನು ಸವರಿ ನೋಡಿ. ಒರಟಾಗಿದ್ದರೆ ಬೇಡವೇ ಬೇಡ. ಒಂದೇ ಒಂದು ಅಕ್ಷರ ಕೆಟ್ಟರೂ, ಸರಿಪಡಿಸುವ ತನಕ ಆ ಸುರುಳಿ ಓದಲು ಯೋಗ್ಯವಲ್ಲ. ಅದಕ್ಕೇ ಯಾದ್ ಅನ್ನು ಹಾಳೆಯ ಮೇಲೆ ಎಳೆಯದೆ, ಕೂದಲೆಳೆಯಷ್ಟು ಮೇಲೆ ಹಿಡಿಯುವುದು ವಾಸಿ.

ಪ್ರಾರ್ಥನಾ ಮಂದಿರಕ್ಕೆ ಕಾಣಿಕೆ ಕೊಡುವುದಾದರೆ ಬೆಳ್ಳಿಯದನ್ನೇ ಕೊಡಿ. ಹುಡುಗನ ಕೈಗಾದರೆ ನನ್ನ ಮತ ಮರಕ್ಕೆ. ಮೊದಲ ಸಲ ಎಲ್ಲರೆದುರು ಓದುವಾಗ ಕೈ ಹೇಗೂ ನಡುಗುತ್ತಿರುತ್ತದೆ. ಅದಕ್ಕೆ ಭಾರ ಬೇರೆ ಯಾಕೆ?